ಸಿಸೇರಿಯನ್ ಮಗುವಿನ ಶ್ವಾಸಕೋಶದಲ್ಲಿ ನೀರು: "ಪಂಪು ಆನ್ ಆಗಿಲ್ಲ" ಅಂದರೆ ಏನು?

ಹಿರಿಯೂರು ವೈಂಡಿಂಗ್:

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟಾರು, ಸ್ಟಾರ್ಟರು, ಪ್ಯಾನೆಲ್ ಬೋರ್ಡು, ಹದಿನೆಂಟು ವರ್ಷದಿಂದ ಇದೇ ಕೆಲಸ. ಓದಿದ್ದು ಐಟಿಐ. ಅದಕ್ಕೇ ಮೊದಲೇ ಕೇಳಿಕೊಳ್ಳುತ್ತೇನೆ, ಡಾಕ್ಟರ್ ಭಾಷೆಯಲ್ಲಿ ಉತ್ತರ ಬೇಡ.

ಹೋದ ತಿಂಗಳು ನಮಗೆ ಎರಡನೇ ಮಗು ಆಯಿತು. ಹೆಣ್ಣು, 2 ಕೆಜಿ 800 ಗ್ರಾಂ. ಮೊದಲನೆಯದು ಸಿಸೇರಿಯನ್ ಆಗಿದ್ದರಿಂದ ಇದೂ ಸಿಸೇರಿಯನ್ನೇ ಅಂತ ಮುಂಚೆಯೇ ಗೊತ್ತಿತ್ತು. ಡಾಕ್ಟರಮ್ಮ 39 ವಾರ ತುಂಬಲಿ ಅಂದರು. ಮನೆಯಲ್ಲಿ ಆಷಾಢ ಬರುವುದರೊಳಗೆ ಆಗಲೇಬೇಕು ಅಂತ ಹಟ. ಜ್ಯೋತಿಷಿಗಳು ಒಂದು ದಿನ, ಒಂದು ಗಳಿಗೆ ಬರೆದುಕೊಟ್ಟರು. ಡಾಕ್ಟರಮ್ಮ ಎರಡು ಸಲ ಬೇಡ ಅಂದರೂ ನಾವು ಬಿಡಲಿಲ್ಲ. 37 ವಾರ 4 ದಿನಕ್ಕೆ ಆಪರೇಷನ್ ಆಯಿತು. ನೋವು ಇನ್ನೂ ಶುರುವಾಗಿರಲಿಲ್ಲ.

ಮಗು ಚೆನ್ನಾಗಿಯೇ ಅತ್ತಿತು. ಅರ್ಧ ಗಂಟೆ ಆದ ಮೇಲೆ ಉಸಿರು ಜೋರಾಯಿತು. ನರ್ಸ್ ಎಣಿಸಿದಾಗ ನಿಮಿಷಕ್ಕೆ 84. ಮೂಗಿನ ಹೊಳ್ಳೆ ಅರಳುತ್ತಿತ್ತು, ಪ್ರತಿ ಉಸಿರಿಗೂ ಸಣ್ಣಗೆ ನರಳಿದ ಹಾಗೆ ಶಬ್ದ. ಒಳಗೆ ಕರೆದುಕೊಂಡು ಹೋಗಿ ಮೂಗಿಗೆ ಒತ್ತಡದ ಗಾಳಿ ಕೊಡುವ ಮೆಷಿನ್ ಹಾಕಿದರು. ಎಕ್ಸ್‌ರೇ ತೆಗೆದರು. ಮಕ್ಕಳ ಡಾಕ್ಟರ್ ಹೊರಗೆ ಬಂದು ಹೇಳಿದ್ದು ಇಷ್ಟು: "ಶ್ವಾಸಕೋಶದಲ್ಲಿ ನೀರು ಉಳಿದಿದೆ. ನೀರು ಹೀರುವ ಪಂಪು ಇನ್ನೂ ಆನ್ ಆಗಿಲ್ಲ. ಎರಡು ಮೂರು ದಿನ ಕಾಯಿರಿ." ಮೂರನೇ ದಿನ ಎಲ್ಲ ಸರಿಹೋಯಿತು. ಈಗ ಮಗು ಮನೆಯಲ್ಲಿದೆ, ಚೆನ್ನಾಗಿದೆ.

ನನ್ನ ತಲೆಯಲ್ಲಿ ಉಳಿದದ್ದು ಆ ಪಂಪು. ಅದು ಸುಮ್ನೆ ಹೇಳುವ ಮಾತೋ, ನಿಜವಾಗಿಯೂ ಪಂಪ್ ಇದೆಯೋ? ಇದ್ದರೆ ಎಲ್ಲಿದೆ? ಕರೆಂಟ್ ಯಾವುದು? ಸ್ಟಾರ್ಟರ್ ಯಾರ ಕೈಯಲ್ಲಿದೆ? ಸಿಸೇರಿಯನ್ ಆದರೆ ಅದು ಯಾಕೆ ಆನ್ ಆಗಲ್ಲ?

ಇನ್ನೊಂದು ವಿಷಯ. ಬಸುರಿಯಲ್ಲಿ ನನ್ನ ಹೆಂಡತಿ ದಿನಾ ಎಳನೀರು ಕುಡಿಯುತ್ತಿದ್ದಳು. ಆ ನೀರೇ ಮಗುವಿನ ಎದೆಗೆ ಇಳಿಯಿತು ಅಂತ ನಮ್ಮ ಅಮ್ಮ ಇವತ್ತಿಗೂ ಅನ್ನುತ್ತಾಳೆ. ಹೆಂಡತಿ ಬಾಣಂತಿ ಕೋಣೆಯಲ್ಲಿ ಅಳುತ್ತಾಳೆ. ಇದಕ್ಕೂ ಒಂದು ಉತ್ತರ ಕೊಡಿ.

ರಾತ್ರಿ ಪಾಳಿ ಅಕ್ಕ:

ಮೊದಲು ಎಳನೀರಿನ ವಿಷಯ ಮುಗಿಸಿಬಿಡೋಣ. ತಾಯಿ ಕುಡಿದ ಎಳನೀರು ಹೊಟ್ಟೆಗೆ, ಕರುಳಿಗೆ, ರಕ್ತಕ್ಕೆ ಹೋಗುತ್ತದೆ. ಅಲ್ಲಿಂದ ಮಗುವಿನ ಎದೆಗೆ ಪೈಪ್ ಹಾಕಿಲ್ಲ. ಎಳನೀರು ಮುಟ್ಟದ ತಾಯಂದಿರ ಮಕ್ಕಳಿಗೂ ಇದೇ ತೊಂದರೆ ಬಂದದ್ದನ್ನು ನೋಡಿದ್ದೇನೆ. ನಿಮ್ಮ ಅಮ್ಮನಿಗೆ ನೀವೇ ಹೇಳಿ. ಸೊಸೆ ಕೈಯಲ್ಲಿ ಹೇಳಿಸಬೇಡಿ.

ನಾನು ಹನ್ನೊಂದು ವರ್ಷದಿಂದ ಎಳೆ ಮಕ್ಕಳ ಐಸಿಯುನಲ್ಲಿದ್ದೇನೆ. ಇಂಥ ಮಗು ನಮಗೆ ವಾರಕ್ಕೊಂದಾದರೂ ಬರುತ್ತದೆ. ಹುಟ್ಟಿದ ಮಗು ನಿಮಿಷಕ್ಕೆ 40 ರಿಂದ 60 ಸಲ ಉಸಿರಾಡುವುದು ಸಹಜ. 60 ದಾಟಿದರೆ ನಾವು ಪಕ್ಕದಲ್ಲೇ ನಿಲ್ಲುತ್ತೇವೆ. 80ರಲ್ಲಿ ಉಸಿರಾಡುವ ಮಗುವಿಗೆ ಬಾಯಿಗೆ ಹಾಲು ಕೊಡುವುದಿಲ್ಲ, ಹಾಲು ಉಸಿರಿನ ದಾರಿಗೆ ಹೋಗಬಹುದು. ಅದಕ್ಕೇ ಮೂಗಿನಲ್ಲಿ ಸಣ್ಣ ನಳಿಕೆ ಅಥವಾ ಡ್ರಿಪ್. ಅಪ್ಪಂದಿರು ಅದನ್ನು ನೋಡಿ ಹೆದರುತ್ತಾರೆ.

ಆ ನರಳುವ ಶಬ್ದ ಇದೆಯಲ್ಲ, ಮಗು ಗಂಟಲನ್ನು ಅರ್ಧ ಮುಚ್ಚಿ ಉಸಿರು ಬಿಡುವಾಗ ಬರುವುದು ಅದು. ಒಳಗೆ ಗಾಳಿ ಉಳಿಯಲಿ, ಗೂಡುಗಳು ಮುದುಡದಿರಲಿ ಅಂತ. ನಾವು ಹಾಕುವ ಸಿಪಿಎಪಿ, ಅಂದರೆ ಆ ಒತ್ತಡದ ಗಾಳಿಯ ಮೆಷಿನ್ನೂ ಅದೇ ಕೆಲಸ ಮಾಡುತ್ತದೆ. ಹೊರಗೆ ಕೂತ ತಾತಂದಿರು "ಲಾಸಿಕ್ಸ್ ಕೊಟ್ಟು ನೀರು ತೆಗೆಯಿರಿ" ಅಂತ ಜೋರು ಮಾಡುವುದೂ ಇದೆ. ಮೂತ್ರ ಜಾಸ್ತಿ ಮಾಡುವ ಆ ಔಷಧಿಯನ್ನು ಈ ಮಕ್ಕಳಿಗೆ ಕೊಟ್ಟು ನೋಡಿದ್ದಾರೆ. ಬೇಗ ವಾಸಿಯಾಗಲಿಲ್ಲ.

ಪಂಪಿನ ಒಳಗುಟ್ಟು ನನಗೆ ಅಷ್ಟು ಗೊತ್ತಿಲ್ಲ. ಕಪ್ಪೆ ಮೇಷ್ಟ್ರು ಬರುತ್ತಾರೆ ನೋಡಿ.

ಕಪ್ಪೆ ಮೇಷ್ಟ್ರು:

ಬಂದೆ ಅಕ್ಕ.

ವೈಂಡಿಂಗ್ ಅಣ್ಣ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡಿದ್ದೇನೆ. "ಸ್ಟಾರ್ಟರ್ ಯಾರ ಕೈಯಲ್ಲಿದೆ" ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ನಾನು ಡಾಕ್ಟರ್ ಅಲ್ಲ, ಲ್ಯಾಬಿನವನು. ಕಪ್ಪೆ ಚರ್ಮವನ್ನು ಎರಡು ಗಾಜಿನ ಕೋಣೆಗಳ ನಡುವೆ ಬಿಗಿದು, ಅದರ ಮೂಲಕ ಎಷ್ಟು ಉಪ್ಪು ಸಾಗುತ್ತದೆ ಅಂತ ಕರೆಂಟ್ ಅಳೆಯುವುದು ನನ್ನ ಕೆಲಸವಾಗಿತ್ತು. ಕೋಪನ್‌ಹೇಗನ್ನಿನ ಹಾನ್ಸ್ ಉಸ್ಸಿಂಗ್ 1951ರ ಸುಮಾರಿಗೆ ಶುರುಮಾಡಿದ ಕ್ರಮ ಅದು. ಕಪ್ಪೆಯ ಚರ್ಮಕ್ಕೂ ನಿಮ್ಮ ಮಗಳ ಶ್ವಾಸಕೋಶಕ್ಕೂ ಏನು ಸಂಬಂಧ ಅಂತೀರಾ? ಎರಡರಲ್ಲೂ ಇರುವುದು ಒಂದೇ ಥರದ ಬಾಗಿಲು.

ಪಂಪು ನಿಜವಾಗಿಯೂ ಇದೆ. ಆದರೆ ಅದು ನೀರು ಎತ್ತುವುದಿಲ್ಲ. ಉಪ್ಪು ಎತ್ತುತ್ತದೆ. ನೀರು ಉಪ್ಪಿನ ಹಿಂದೆ ತಾನಾಗಿಯೇ ಹೋಗುತ್ತದೆ. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುತ್ತದಲ್ಲ, ಹಾಗೆ.

ಶ್ವಾಸಕೋಶದಲ್ಲಿ ಗಾಳಿ ತುಂಬುವ ಪುಟ್ಟ ಗೂಡುಗಳಿವೆ. ದೊಡ್ಡವರಲ್ಲಿ ಸುಮಾರು 48 ಕೋಟಿ. ಪ್ರತಿ ಗೂಡಿನ ಒಳಗೋಡೆಗೆ ತೆಳ್ಳಗಿನ ಒಂದು ಪದರ ಜೀವಕೋಶಗಳು. ಒಂದು ಜೀವಕೋಶವನ್ನು ಒಂದು ಪುಟ್ಟ ಪಂಪ್‌ಹೌಸ್ ಅಂದುಕೊಳ್ಳಿ. ಅದಕ್ಕೆ ಎರಡು ಮುಖ. ಮುಂಬದಿ ಗಾಳಿಯ ಕಡೆ, ಹಿಂಬದಿ ರಕ್ತದ ಕಡೆ. ಮುಂಬದಿಯಲ್ಲಿರುವುದು ಬರೀ ಬಾಗಿಲು, ಹೆಸರು ಈನ್ಯಾಕ್. ಅದು ತೆರೆದರೆ ಸೋಡಿಯಂ, ಅಂದರೆ ಉಪ್ಪಿನ ಒಂದು ಪಾಲು, ತಾನಾಗಿಯೇ ಒಳಗೆ ಬರುತ್ತದೆ. ಹಿಂಬದಿಯಲ್ಲಿರುವುದು ನಿಜವಾದ ಪಂಪು, ಸೋಡಿಯಂ-ಪೊಟ್ಯಾಷಿಯಂ ಎಟಿಪಿಏಸ್. ಒಂದು ಸುತ್ತಿಗೆ ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಷಿಯಂ ಒಳಕ್ಕೆ. ಅದಕ್ಕೆ ಒಂದು ಎಟಿಪಿ ಖರ್ಚು. ನೀವು ಕೇಳಿದ ಕರೆಂಟ್ ಅಂದರೆ ಈ ಎಟಿಪಿ, ಜೀವಕೋಶ ಶಕ್ತಿಗೆ ಖರ್ಚು ಮಾಡುವ ಕಣ. ಎಟಿಪಿಯನ್ನು ಒಡೆದು ಆ ಶಕ್ತಿಯಲ್ಲಿ ತಿರುಗುವುದರಿಂದ ಇದು ಪಂಪೂ ಹೌದು, ಕಿಣ್ವವೂ ಹೌದು. ಡೆನ್ಮಾರ್ಕಿನ ಯೆನ್ಸ್ ಸ್ಕೋ ಇದನ್ನು 1957ರಲ್ಲಿ ಏಡಿಯ ಕಾಲಿನ ನರಗಳನ್ನು ಅರೆದು ಕಂಡುಹಿಡಿದರು. ನೊಬೆಲ್ ಬಂದದ್ದು 1997ರಲ್ಲಿ. ನಲವತ್ತು ವರ್ಷ! ನಮ್ಮ ಕಾಲೇಜಿನಲ್ಲಿ ಪ್ರಮೋಷನ್ನೂ ಅದಕ್ಕಿಂತ ಬೇಗ ಬರುತ್ತಿತ್ತು.

ಈಗ ನಿಮ್ಮ ಮಕ್ಕಳ ಡಾಕ್ಟರ್ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಬೇಜಾರಿನಲ್ಲಿರುವ ಅಪ್ಪನಿಗೆ ಬಾಗಿಲ ಹತ್ತಿರ ನಿಂತು ಹೇಳುವ ಮಾತು ಅದು, ತಪ್ಪಲ್ಲ. ಆದರೆ ಮೋಟಾರ್ ಆಫ್ ಆಗಿರಲಿಲ್ಲ.

ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶದ ತುಂಬ ನೀರು. ಅದು ಹೊರಗಿನಿಂದ ನುಂಗಿದ ನೀರಲ್ಲ. ಶ್ವಾಸಕೋಶ ತಾನೇ ಮಾಡಿಕೊಂಡದ್ದು. ಆ ನೀರಿನ ಒತ್ತಡದಿಂದಲೇ ಶ್ವಾಸಕೋಶ ಬೆಳೆಯುತ್ತದೆ. ಕುರಿಯ ಭ್ರೂಣದಲ್ಲಿ ಅದನ್ನು ಬಸಿದು ತೆಗೆಯುತ್ತಾ ಹೋದರೆ ಶ್ವಾಸಕೋಶ ಚಿಕ್ಕದಾಗಿಯೇ ಉಳಿಯುತ್ತದೆ. ಈ ನೀರು ಮಾಡುವುದಕ್ಕೂ ಶಕ್ತಿ ಬರುವುದು ಅದೇ ಹಿಂಬದಿಯ ಪಂಪಿನಿಂದ. ಆಗ ಮುಂಬದಿಯಲ್ಲಿ ಕ್ಲೋರೈಡ್ ಬಾಗಿಲು ತೆರೆದಿರುತ್ತದೆ, ಸೋಡಿಯಂ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹಾಗಾಗಿ ಉಪ್ಪು, ಅದರ ಹಿಂದೆ ನೀರು, ಗೂಡಿನ ಒಳಕ್ಕೆ ಬರುತ್ತದೆ. ಹುಟ್ಟುವ ಹೊತ್ತಿಗೆ ಮುಂಬದಿಯ ಬಾಗಿಲು ಬದಲಾಗಬೇಕು. ಸೋಡಿಯಂ ಬಾಗಿಲು ತೆರೆಯಬೇಕು. ಮೋಟಾರ್ ಅದೇ, ತಿರುಗುವ ದಿಕ್ಕೂ ಅದೇ. ತಿರುಗಿಸಬೇಕಾದದ್ದು ಗೇಟ್ ವಾಲ್ವ್. ಒಂದೇ ಮೋಟಾರಿನಿಂದ ಒಂದು ವಾಲ್ವ್ ತೆರೆದರೆ ತೊಟ್ಟಿಗೆ, ಇನ್ನೊಂದು ತೆರೆದರೆ ತೋಟಕ್ಕೆ ನೀರು ಬಿಡುತ್ತೀರಲ್ಲ?

ಎಷ್ಟು ನೀರು? ತಿಂಗಳು ತುಂಬಿದ ಮಗುವಿಗೆ ಕೆಜಿಗೆ 20 ರಿಂದ 30 ಮಿಲಿ ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ಮಗಳಿಗೆ ಹೆಚ್ಚುಕಡಿಮೆ 70 ಮಿಲಿ. ಹೋಟೆಲಿನ ಬೈಟು ಕಾಫಿ ಅಷ್ಟು.

ಇನ್ನು ವಾಲ್ವ್ ತಿರುಗಿಸುವವರು ಯಾರು ಅನ್ನುವುದು. ಇದೇ ನನಗೆ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತದೆ.

ಒಂದು, ಅಡ್ರಿನಲಿನ್. ಹೆರಿಗೆ ನೋವು ಶುರುವಾದಾಗ ಮಗುವಿನ ಮೈಯಲ್ಲೇ ಅದು ಉಕ್ಕುತ್ತದೆ. ಕುರಿಮರಿ ಭ್ರೂಣಕ್ಕೆ ಅಡ್ರಿನಲಿನ್ ಕೊಟ್ಟರೆ ನೀರು ಮಾಡುತ್ತಿದ್ದ ಶ್ವಾಸಕೋಶ ನಿಂತು, ನೀರು ಹೀರಲು ಶುರುಮಾಡುತ್ತದೆ. 1986ರಲ್ಲಿ ಆಲಿವರ್ ಮತ್ತು ಜೊತೆಯವರು ಅಮಿಲೊರೈಡ್ ಅನ್ನುವ ಔಷಧಿ ಹಾಕಿ ಆ ಹೀರುವಿಕೆಯನ್ನು ನಿಲ್ಲಿಸಿ ತೋರಿಸಿದರು. ಅಮಿಲೊರೈಡ್ ಅಂದರೆ ಸೋಡಿಯಂ ಬಾಗಿಲಿಗೆ ಬಡಿಯುವ ಬೆಣೆ. ನನ್ನ ಕಪ್ಪೆ ಚರ್ಮಕ್ಕೂ ನಾನು ಅದನ್ನೇ ಹಾಕುತ್ತಿದ್ದೆ, ಮೀಟರ್ ಮುಳ್ಳು ಥಟ್ಟನೆ ಕೆಳಗೆ ಬೀಳುತ್ತಿತ್ತು. ಕುರಿಮರಿಗೆ ದಿನ ತುಂಬುತ್ತಾ ಬಂದಷ್ಟೂ ಅಡ್ರಿನಲಿನ್ ಮಾತು ಶ್ವಾಸಕೋಶ ಜಾಸ್ತಿ ಕೇಳುತ್ತದೆ. ಎಳೆಯದರಲ್ಲಿ ಕೇಳುವುದು ಕಮ್ಮಿ.

ಎರಡು, ಬಾಗಿಲುಗಳ ಲೆಕ್ಕ. ಬಾಗಿಲು ಮಾಡಿಟ್ಟರೆ ಸಾಲದು, ಅದು ಗೋಡೆಯಲ್ಲಿ ಉಳಿಯಬೇಕು. ನೆಡ್-4-2 ಅನ್ನುವ ಒಂದು ಕಿಣ್ವ ಇದೆ. ಅದು ಸದಾ ಬಾಗಿಲುಗಳಿಗೆ ಚೀಟಿ ಅಂಟಿಸುತ್ತಿರುತ್ತದೆ. ಚೀಟಿ ಅಂಟಿದ ಬಾಗಿಲನ್ನು ಜೀವಕೋಶ ಕಿತ್ತು ಗುಜರಿಗೆ ಹಾಕುತ್ತದೆ. ಇದು ಬ್ರೇಕು. ಈ ನೆಡ್ಡನ್ನು ತಡೆಯುವ ಇನ್ನೊಂದು ಕಿಣ್ವ ಎಸ್‌ಜಿಕೆ-1. ಅದು ನೆಡ್ಡಿಗೆ ಒಂದು ಫಾಸ್ಫೇಟ್ ತಗುಲಿಸಿದರೆ ನೆಡ್ ಬಾಗಿಲನ್ನು ಹಿಡಿಯಲಾರದು. ಎಸ್‌ಜಿಕೆ-1 ಜಾಸ್ತಿ ಮಾಡು ಅಂತ ಹೇಳುವುದು ಕಾರ್ಟಿಸಾಲ್ ಥರದ ಸ್ಟೀರಾಯ್ಡ್. ಬಸುರಿನ ಕೊನೆಯ ವಾರಗಳಲ್ಲಿ ಮಗುವಿನಲ್ಲಿ ಕಾರ್ಟಿಸಾಲ್ ಏರುತ್ತಾ ಹೋಗುತ್ತದೆ. ಆ ವಾರಗಳು ಸುಮ್ನೆ ತೂಕ ಏರುವ ವಾರಗಳಲ್ಲ, ಬಾಗಿಲು ಕೂರಿಸುವ ವಾರಗಳು.

ಬ್ರೇಕ್ ಇಲ್ಲದಿದ್ದರೆ? ನೆಡ್-4-2 ಇಲ್ಲದ ಇಲಿಗಳನ್ನು ಮಾಡಿ ನೋಡಿದ್ದಾರೆ, ವರದಿ ಬಂದದ್ದು 2011ರಲ್ಲಿ. ಸೋಡಿಯಂ ಬಾಗಿಲು ಅತಿಯಾಗಿ, ನೀರು ಹೊತ್ತಿಗೆ ಮುಂಚೆಯೇ ಖಾಲಿಯಾಗಿ, ಹೆಚ್ಚಿನ ಮರಿಗಳು ಮುದುಡಿದ ಶ್ವಾಸಕೋಶದಿಂದ ಹುಟ್ಟಿದ ಕೂಡಲೇ ಸತ್ತವು. ಅದಕ್ಕೆ ಉಲ್ಟಾ, 1996ರಲ್ಲಿ ಈನ್ಯಾಕಿನ ಆಲ್ಫಾ ತುಂಡೇ ಇಲ್ಲದ ಇಲಿಮರಿಗಳು ನೀರು ಖಾಲಿ ಮಾಡಲಾಗದೆ 40 ಗಂಟೆಯೊಳಗೆ ಸತ್ತಿದ್ದವು. ಅದು ಓದಿ ಹೆದರಬೇಡಿ. ಮನುಷ್ಯರಲ್ಲಿ ಈ ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಮಕ್ಕಳಿದ್ದಾರೆ. ಅವರು ಹುಟ್ಟಿದ ಕೂಡಲೇ ಮುಳುಗಿಹೋಗುವುದಿಲ್ಲ. ನಮಗೆ ಬೇರೆ ದಾರಿಗಳೂ ಇವೆ.

ಮೂರು, ಕತ್ತರಿ. ಗೋಡೆಯಲ್ಲಿ ಕೂತ ಬಾಗಿಲೂ ಪೂರ್ತಿ ತೆರೆದಿರುವುದಿಲ್ಲ. ಅದರ ಮೇಲೆ ಅಗುಳಿ ಥರ ಒಂದು ಪ್ರೋಟೀನ್ ತುಣುಕು ಇರುತ್ತದೆ. ಅದನ್ನು ಕತ್ತರಿಸಿ ತೆಗೆಯುವ ಕಿಣ್ವಗಳಿವೆ. ಜೀವಕೋಶದ ಒಳಗೇ ಫ್ಯೂರಿನ್ ಒಂದಿಷ್ಟು ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಪ್ರಾಸ್ಟಾಸಿನ್ ಉಳಿದದ್ದನ್ನು ಕತ್ತರಿಸುತ್ತದೆ. ಪ್ರಾಸ್ಟಾಸಿನ್ ಈ ಕೆಲಸ ಮಾಡುತ್ತದೆ ಅಂತ 1997ರಲ್ಲಿ ಗೊತ್ತಾದದ್ದು ಎಲ್ಲಿಂದ ಹೇಳಿ? ಕಪ್ಪೆಯ ಮೂತ್ರಪಿಂಡದ ಜೀವಕೋಶಗಳಿಂದ! ಆಮೇಲೆ ಇಲಿಗಳ ಗಾಳಿಗೂಡಿನಲ್ಲಿ ಮಾತ್ರ ಈ ಕತ್ತರಿಯನ್ನು ತೆಗೆದು ನೋಡಿದರು. ನೀರು ಹೀರುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇದರ ಜೊತೆಗೆ ಉಸಿರಾಟದ ಬಲವೂ ಇದೆ. ಜಪಾನಿನ ಒಂದು ದೊಡ್ಡ ಎಕ್ಸ್‌ರೇ ಯಂತ್ರದಲ್ಲಿ, ಆಗತಾನೇ ಹುಟ್ಟಿದ ಮೊಲದ ಮರಿಗಳ ಉಸಿರನ್ನು ಚಿತ್ರ ತೆಗೆದಿದ್ದಾರೆ. ಒಂದೊಂದು ಉಸಿರು ಎಳೆದಾಗಲೂ ಗಾಳಿ ಒಂದು ಹೆಜ್ಜೆ ಮುಂದೆ, ನೀರು ಒಂದು ಹೆಜ್ಜೆ ಹಿಂದೆ. ನಿಮ್ಮ ಮಗುವಿಗೆ ಹಾಕಿದ ಒತ್ತಡದ ಗಾಳಿ ಇದಕ್ಕೇ ಕೈಜೋಡಿಸಿದ್ದು. ಸಹಜ ಹೆರಿಗೆಯಲ್ಲಿ ಮಗುವಿನ ಎದೆಯನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿ ನೀರು ಹೊರಗೆ ಬರುತ್ತದೆ ಅಂತ ಮುಂಚೆ ನಾವೂ ಪಾಠ ಮಾಡುತ್ತಿದ್ದೆವು. ಅದರ ಪಾಲು ಇದ್ದರೂ ಚಿಕ್ಕದು.

ಇನ್ನು ನೀವು ನೇರವಾಗಿ ಕೇಳದೆ ಬಿಟ್ಟ ಪ್ರಶ್ನೆ. ದಿನಾಂಕದ್ದು. ಸುತ್ತಿ ಬಳಸಿ ಹೇಳುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸುಮಾರು 33 ಸಾವಿರ ಹೆರಿಗೆಗಳ ಲೆಕ್ಕ ತೆಗೆದು 1995ರಲ್ಲಿ ಪ್ರಕಟಿಸಿದರು. ನೋವು ಶುರುವಾಗುವ ಮುಂಚೆಯೇ ಸಿಸೇರಿಯನ್ ಆದ ಮಕ್ಕಳಲ್ಲಿ ಸಾವಿರಕ್ಕೆ 35ಕ್ಕೆ ಉಸಿರಿನ ತೊಂದರೆ. ನೋವು ಬಂದ ಮೇಲೆ ಸಿಸೇರಿಯನ್ ಆದವರಲ್ಲಿ 12. ಸಹಜ ಹೆರಿಗೆಯಲ್ಲಿ 5. ನೋಡಿ, ಸಿಸೇರಿಯನ್ ಅನ್ನುವುದಕ್ಕಿಂತ ನೋವು ಬಂದಿತ್ತೋ ಇಲ್ಲವೋ ಅನ್ನುವುದೇ ದೊಡ್ಡದು. ನೋವಿಲ್ಲದ ಸಿಸೇರಿಯನ್‌ಗಳನ್ನೇ ವಾರದ ಪ್ರಕಾರ ಬಿಡಿಸಿದರೆ, 37ನೇ ವಾರದಲ್ಲಿ ಸಾವಿರಕ್ಕೆ 74, 38ರಲ್ಲಿ 42, 39ರಲ್ಲಿ 18. ನಿಮ್ಮ ಡಾಕ್ಟರಮ್ಮ 39 ಅಂದದ್ದು ಇದಕ್ಕೇ. ಆದರೆ 37ರಲ್ಲೂ ಸಾವಿರಕ್ಕೆ 926 ಮಕ್ಕಳಿಗೆ ಏನೂ ಆಗಲಿಲ್ಲ, ಅದನ್ನೂ ಓದಿಕೊಳ್ಳಿ. 39 ವಾರ ಕಾದಿದ್ದರೂ ನಿಮ್ಮ ಮಗಳಿಗೆ ಹೀಗೇ ಆಗಬಹುದಿತ್ತು, ಸಾಧ್ಯತೆ ಕಮ್ಮಿ ಇತ್ತು ಅಷ್ಟೆ.

ಎಳನೀರು ಈ ಕಥೆಯಲ್ಲಿ ಎಲ್ಲೂ ಇಲ್ಲ.

ಹಿರಿಯೂರು ವೈಂಡಿಂಗ್:

ಮೇಷ್ಟ್ರೇ, ಮೂರು ಸಲ ಓದಿದೆ. ಅಂಗಡಿಯ ಹುಡುಗನಿಗೂ ಓದಿ ಹೇಳಿದೆ. ಗೇಟ್ ವಾಲ್ವ್ ಅಂದ ತಕ್ಷಣ ಅವನಿಗೆ ನನಗಿಂತ ಮೊದಲು ಅರ್ಥವಾಯಿತು. 74 ಅನ್ನುವ ಸಂಖ್ಯೆ ಓದಿ ಒಂದು ಹೊತ್ತು ಊಟ ಸೇರಲಿಲ್ಲ, ನಿಜ ಹೇಳುತ್ತೇನೆ.

ಇನ್ನೊಂದು ಅನುಮಾನ. ನಮ್ಮ ಕಡೆ ಬೇಸಿಗೆಯಲ್ಲಿ ವೋಲ್ಟೇಜ್ ಬೀಳುತ್ತದೆ. ವೋಲ್ಟೇಜ್ ಕಮ್ಮಿಯಾದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಕಾಯಿಲ್ ಸುಡುತ್ತದೆ. ಅದಕ್ಕೆ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ, ಟ್ರಿಪ್ ಮಾಡುತ್ತದೆ. ಮಗುವಿಗೆ ನೀರಿನಿಂದ ಆಕ್ಸಿಜನ್ ಕಮ್ಮಿಯಾಯಿತು ಅಂದುಕೊಳ್ಳಿ. ಆಕ್ಸಿಜನ್ ಕಮ್ಮಿ ಅಂದರೆ ಎಟಿಪಿ ಕಮ್ಮಿ ಅಲ್ವಾ? ಆಗ ಪಂಪು ಸುಡುತ್ತದೋ, ಟ್ರಿಪ್ ಆಗುತ್ತದೋ? ಟ್ರಿಪ್ ಆದರೆ ನೀರು ಇನ್ನೂ ಜಾಸ್ತಿ ಉಳಿಯಬೇಕು, ಆಕ್ಸಿಜನ್ ಇನ್ನೂ ಕಮ್ಮಿಯಾಗಬೇಕು. ಇದು ಸುತ್ತುತ್ತಲೇ ಇರುವುದಿಲ್ಲವೇ?

ಮಡಿಕೇರಿ ಮಾಜಿ ಸುಬೇದಾರ್:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಮಗುವಿನ ವಿಷಯ ನನಗೆ ಗೊತ್ತಿಲ್ಲ. ಆಕ್ಸಿಜನ್ ಕಮ್ಮಿ, ಶ್ವಾಸಕೋಶದಲ್ಲಿ ನೀರು ಅಂದಾಗ ಲೇಹ್ ನೆನಪಾಯಿತು.

ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದ ಹುಡುಗರನ್ನು ಮೊದಲ ಆರು ದಿನ ಕೆಲಸಕ್ಕೆ ಹಚ್ಚುವುದಿಲ್ಲ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಮೆಲ್ಲಗೆ ನಡಿಗೆ. ನಮ್ಮ ಜೊತೆ ಒಬ್ಬ ಗಟ್ಟಿಮುಟ್ಟಾದ ಹುಡುಗ ಇದ್ದ. ಎರಡನೇ ದಿನವೇ ಯಾರಿಗೂ ಹೇಳದೆ ವಾಲಿಬಾಲ್ ಆಡಿದ. ಮಾರನೇ ರಾತ್ರಿ ಮಲಗಲಾರದೆ ಎದ್ದು ಕೂತ. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಪಕ್ಕದಲ್ಲಿ ಮಲಗಿದ್ದ ನನಗೆ ಅವನ ಎದೆಯಿಂದ ಹುಕ್ಕಾ ಎಳೆದ ಹಾಗೆ ಗುಳುಗುಳು ಶಬ್ದ ಕೇಳುತ್ತಿತ್ತು. ಆಕ್ಸಿಜನ್ ಹಾಕಿ, ಬೆಳಕು ಹರಿದ ಮೇಲೆ ಕೆಳಗೆ ಕಳಿಸಿದರು. ಬದುಕಿದ. ಕೆಳಗೆ ಇಳಿಸುವುದೇ ಇದಕ್ಕೆ ಮೊದಲ ಔಷಧಿ ಅಂತ ನಮಗೆ ಕಲಿಸಿದ್ದರು.

ಎಲ್ಲರಿಗೂ ಹಾಗೆ ಆಗುವುದಿಲ್ಲ. ಒಂದೇ ವಿಮಾನ, ಒಂದೇ ಊಟ, ಒಂದೇ ಬ್ಯಾರಕ್. ಅವನಿಗೆ ಮಾತ್ರ ಯಾಕೆ? ಮೇಷ್ಟ್ರು ಹೇಳಲಿ.

ಕಪ್ಪೆ ಮೇಷ್ಟ್ರು:

ಸುಬೇದಾರರೇ, ಒಳ್ಳೆ ಹೊತ್ತಿಗೆ ಬಂದಿರಿ. ಇಬ್ಬರಿಗೂ ಉತ್ತರ ಒಂದೇ ಕಡೆ ಸಿಗುತ್ತದೆ.

ವೈಂಡಿಂಗ್ ಅಣ್ಣ, ನಿಮ್ಮ ರಿಲೇ ಊಹೆ ಸರಿ. ಪಂಪು ಸುಡುವುದಿಲ್ಲ, ಟ್ರಿಪ್ ಆಗುತ್ತದೆ. ರಿಲೇ ಹೆಸರು ಎಎಂಪಿಕೆ. ಅದೂ ಒಂದು ಕಿಣ್ವ, ಜೀವಕೋಶದ ಶಕ್ತಿಯ ಲೆಕ್ಕ ನೋಡಿಕೊಳ್ಳುವುದು ಅದರ ಕೆಲಸ. ಆಕ್ಸಿಜನ್ ಕಮ್ಮಿಯಾದಾಗ ಅದು ಎಚ್ಚರವಾಗಿ ಪಿಕೆಸಿ-ಜೀಟಾ ಅನ್ನುವ ಇನ್ನೊಂದು ಕಿಣ್ವಕ್ಕೆ ಸೂಚನೆ ಕೊಡುತ್ತದೆ. ಪಿಕೆಸಿ-ಜೀಟಾ ಹಿಂಬದಿಯ ಪಂಪಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಬಿದ್ದ ಪಂಪನ್ನು ಜೀವಕೋಶ ಗೋಡೆಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಸ್ವಾರಸ್ಯ ಏನೆಂದರೆ, ಎಟಿಪಿ ನಿಜಕ್ಕೂ ಮುಗಿಯುವ ಮುಂಚೆಯೇ ಈ ಕೆಲಸ ನಡೆಯುತ್ತದೆ. ವೋಲ್ಟೇಜ್ ಬೀಳುವ ಮೊದಲೇ ಟ್ರಿಪ್ ಮಾಡುವ ರಿಲೇ. ಈ ಪಂಪು ಎಟಿಪಿ ತಿನ್ನುವುದರಲ್ಲಿ ಬಕಾಸುರ, ಅದನ್ನು ನಿಲ್ಲಿಸಿದರೆ ಜೀವಕೋಶ ಉಳಿಯುತ್ತದೆ. ಬೇಗ ಆಕ್ಸಿಜನ್ ಬಂದರೆ ಒಳಗೆ ಎಳೆದುಕೊಂಡ ಪಂಪುಗಳು ಮತ್ತೆ ಗೋಡೆಗೆ ಬರುತ್ತವೆ. ತುಂಬಾ ಹೊತ್ತು ಬರದಿದ್ದರೆ ಅವನ್ನು ಒಡೆದು ಹಾಕುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗಲೂ ಇದೇ ರಿಲೇ ಟ್ರಿಪ್ ಆಗುತ್ತದೆ ಅಂತ 2008ರಲ್ಲಿ ತೋರಿಸಿದರು.

ನೀವು ಹೇಳಿದ ಸುತ್ತು ನಿಜವಾದದ್ದೇ. ಅದನ್ನು ಕಡಿಯುವುದಕ್ಕೇ ಮಗುವಿಗೆ ಮೊದಲ ಗಳಿಗೆಯಲ್ಲೇ ಆಕ್ಸಿಜನ್ನು, ಒತ್ತಡದ ಗಾಳಿ.

ಸುಬೇದಾರರೇ, ಎತ್ತರದಲ್ಲಿ ನೀರು ಬರುವುದಕ್ಕೆ ದೊಡ್ಡ ಕಾರಣ ಬೇರೆ. ಆಕ್ಸಿಜನ್ ಕಮ್ಮಿಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರಿ ನೀರು ಸೋರುತ್ತದೆ. ಕೆಲವರಲ್ಲಿ ಆ ಬಿಗಿತ ತುಂಬಾ ಜಾಸ್ತಿ. ನಿಮ್ಮ ಹುಡುಗ ವಾಲಿಬಾಲ್ ಆಡಿ ಅದನ್ನು ಇನ್ನಷ್ಟು ಏರಿಸಿಕೊಂಡ. ನಮ್ಮ ಸೈನ್ಯದ ಡಾಕ್ಟರ್ ಇಂದರ್ ಸಿಂಗ್ ಮತ್ತು ಜೊತೆಯವರು 1965ರಲ್ಲೇ ಸೈನಿಕರಲ್ಲಿ ಕಂಡ ಈ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. 1962ರ ಯುದ್ಧದ ನಂತರ ಸಾವಿರಾರು ಜನರನ್ನು ಅಷ್ಟು ಎತ್ತರಕ್ಕೆ ಕಳಿಸಿದ ದೇಶ ನಮ್ಮದು, ಕಲಿಯಬೇಕಾಗಿ ಬಂತು.

ಆದರೆ ಸೋರಿದ್ದನ್ನು ಹೀರುವ ಕಡೆಯೂ ಒಂದು ಕಾರಣ ಇದೆ. ಪದೇಪದೇ ಹೀಗಾಗುವ ಜನರ ಮೂಗಿನ ಒಳಪದರದಲ್ಲಿ ಸೋಡಿಯಂ ಸಾಗಾಟ ಅಳೆದರು. ತಗ್ಗಿನ ಊರಿನಲ್ಲಿರುವಾಗಲೇ ಅವರಲ್ಲಿ ಅದು ಕಮ್ಮಿ ಇತ್ತು. ಹಾಗಾದರೆ ಬಾಗಿಲನ್ನೂ ಪಂಪನ್ನೂ ಚುರುಕು ಮಾಡುವ ಔಷಧಿ ಕೊಟ್ಟರೆ? ಸಾರ್ತೋರಿ ಮತ್ತು ಜೊತೆಯವರು ಅಂಥವರಿಗೆ ಸಾಲ್ಮೆಟರಾಲ್ ಉಸಿರಲ್ಲಿ ಎಳೆಸಿ, ಆಲ್ಪ್ಸ್‌ನಲ್ಲಿ 4559 ಮೀಟರ್ ಎತ್ತರದ ಗುಡಿಸಲಿಗೆ ಹತ್ತಿಸಿದರು. ಆಸ್ತಮಾದವರು ಎಳೆಯುತ್ತಾರಲ್ಲ, ಅದೇ ಔಷಧಿ, ಅಡ್ರಿನಲಿನ್ನಿನ ದೂರದ ತಮ್ಮ. ನೀರು ತುಂಬಿದವರ ಸಂಖ್ಯೆ ಅರ್ಧಕ್ಕಿಂತ ಕಮ್ಮಿಯಾಯಿತು. 2002ರಲ್ಲಿ ಅದು ಪ್ರಕಟವಾದಾಗ ನಾವು ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕ್ ಹಂಚಿದ್ದೆವು. ನಮಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಕಪ್ಪೆಗಳ ಪರವಾಗಿ, ಅಷ್ಟೆ.

ಖುಷಿ ಬಹಳ ದಿನ ಉಳಿಯಲಿಲ್ಲ. ನ್ಯುಮೋನಿಯಾ, ಸೋಂಕಿನಿಂದ ಶ್ವಾಸಕೋಶದಲ್ಲಿ ನೀರು ತುಂಬಿ ವೆಂಟಿಲೇಟರಿನಲ್ಲಿದ್ದವರಿಗೆ ಅದೇ ಜಾತಿಯ ಸಾಲ್ಬುಟಮಾಲನ್ನು ರಕ್ತನಾಳಕ್ಕೆ ಕೊಟ್ಟು ನೋಡಿದರು. ಇಂಗ್ಲೆಂಡ್ ಕಡೆಯ 46 ಐಸಿಯುಗಳು, 326 ರೋಗಿಗಳು. 28 ದಿನದಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 34 ಜನ ತೀರಿಕೊಂಡರು, ಪಡೆಯದವರಲ್ಲಿ 23. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. 2012ರಲ್ಲಿ ಅದನ್ನು ಓದಿ ನನಗೆ ಬೇಜಾರಾಯಿತು. ಗೋಡೆಯೇ ಹರಿದುಹೋದ ತೊಟ್ಟಿಗೆ ಮೋಟಾರ್ ಜೋರು ಮಾಡಿದರೆ ಏನು ಬಂತು? ಜೊತೆಗೆ ಆ ಔಷಧಿ ಹೃದಯವನ್ನೂ ಓಡಿಸುತ್ತದೆ. ಹಾಗಾಗಿ ಇಲ್ಲಿ ಓದುವವರು ಯಾರೂ ಮಗುವಿಗೋ ಅಜ್ಜನಿಗೋ ಆಸ್ತಮಾ ಪಂಪು ಕೊಡಲು ಹೋಗಬೇಡಿ.

ರಾತ್ರಿ ಪಾಳಿ ಅಕ್ಕ:

ಮೇಷ್ಟ್ರೇ, ಸ್ಟೀರಾಯ್ಡ್ ಬಗ್ಗೆ ಒಂದು ಮಾತು. 37 ವಾರ ದಾಟಿದ ಮೇಲೆ ಸಿಸೇರಿಯನ್‌ಗೆ ಮುಂಚೆ ತಾಯಿಗೆ ಬೀಟಾಮೆಥಸೋನ್ ಸೂಜಿ ಕೊಟ್ಟರೆ ಇದು ಕಮ್ಮಿಯಾಗುತ್ತದಂತಲ್ಲ? ನಮ್ಮಲ್ಲಿ ಕೆಲವರು ಕೇಳಿಕೊಂಡು ಬರುತ್ತಾರೆ, ದಿನಾಂಕ ಬದಲಾಯಿಸಲು ಒಪ್ಪದವರು.

ಕಪ್ಪೆ ಮೇಷ್ಟ್ರು:

ಹೌದು. 2005ರಲ್ಲಿ ಬ್ರಿಟನ್ನಿನಲ್ಲಿ ಸುಮಾರು ಸಾವಿರ ತಾಯಂದಿರ ಮೇಲೆ ಪ್ರಯೋಗ ಆಯಿತು. ಉಸಿರಿನ ತೊಂದರೆಗೆ ಐಸಿಯು ಸೇರಿದ ಮಕ್ಕಳು ನೂರಕ್ಕೆ 5.1 ಇದ್ದದ್ದು 2.4ಕ್ಕೆ ಇಳಿಯಿತು. ಕಾರ್ಟಿಸಾಲ್, ಎಸ್‌ಜಿಕೆ, ಬಾಗಿಲು, ನಾನು ಹೇಳಿದ ಅದೇ ದಾರಿ ಅದಕ್ಕೊಂದು ಕಾರಣ. ಆದರೆ ಆ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ವಿಚಾರಿಸಿದರೆ, ಸೂಜಿ ಪಡೆದ ಗುಂಪಿನಲ್ಲಿ ಓದಿನಲ್ಲಿ ಹಿಂದುಳಿದವರು ಅಂತ ಶಾಲೆಗಳು ಗುರುತಿಸಿದ್ದು ಹೆಚ್ಚುಕಡಿಮೆ ಎರಡರಷ್ಟಿತ್ತು. ಹಾಗಾಗಿ ಡಾಕ್ಟರುಗಳು ತೂಗಿ ನೋಡಿ ಕೊಡುತ್ತಾರೆ. ಮುಹೂರ್ತ ಉಳಿಸಿಕೊಳ್ಳಲು ಸೂಜಿ ಚುಚ್ಚಿಸುವುದು ನನಗಂತೂ ಸರಿ ಕಾಣುವುದಿಲ್ಲ. ಎರಡು ವಾರ ಕಾದರೆ ಮಗು ತಾನೇ ಆ ಕೆಲಸ ಮಾಡಿಕೊಳ್ಳುತ್ತದೆ, ದುಡ್ಡಿಲ್ಲದೆ.

ಹಿರಿಯೂರು ವೈಂಡಿಂಗ್:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಉಪ್ಪು ಸವರಿದ ಮಾವಿನಕಾಯಿವರೆಗೂ ಚೆನ್ನಾಗಿ ಕೇಳಿದಳು. ಕಪ್ಪೆ ಬಂದಾಗ "ಶಿವ ಶಿವ, ಬಾಣಂತಿ ಮನೆಯಲ್ಲಿ ಏನು ಮಾತು" ಅಂತ ಎದ್ದು ಹೋದಳು. ಬೆಳಿಗ್ಗೆ ನೋಡಿದರೆ ಸೊಸೆಯ ಮಂಚದ ಪಕ್ಕ ಬಿಸಿನೀರಿನ ಫ್ಲಾಸ್ಕ್ ಇಟ್ಟಿದ್ದಳು. ಎಳನೀರಿನ ಮಾತು ಇವತ್ತು ಬರಲಿಲ್ಲ.

ಜ್ಯೋತಿಷಿಗಳೂ ಮಧ್ಯಾಹ್ನ ಅಂಗಡಿಗೆ ಬಂದಿದ್ದರು. ಅವರ ತೋಟದ ಮೂರು ಎಚ್‌ಪಿ ಮೋಟಾರ್ ಕಾಯಿಲ್ ಸುಟ್ಟಿದೆ, ನಾಳೆಯೇ ಬೇಕು ಅಂದರು. ವಾರ್ನಿಷ್ ಒಣಗಬೇಕು, ಶುಕ್ರವಾರಕ್ಕೆ ಮುಂಚೆ ಕೊಡಲ್ಲ ಅಂದೆ. ಪ್ರತಿ ಸಲ ಬಿಡುತ್ತಿದ್ದ ಇನ್ನೂರು ರೂಪಾಯಿ ಈ ಸಲ ಬಿಡಲಿಲ್ಲ.